ಕುರುಗೋಡಿನ ರಾಗಿ

ಲೋಹದ ಅದಿರು ಹುಡುಕಲು ಮದರಾಸಿನಿಂದ ಬಂದಿದ್ದ ತೆಲುಗು ಸಾಹೇಬರ ಜೊತೆ ನಾನೂ ಕುರುಗೋಡಿನ ಗುಡ್ಡ ಸುತ್ತಿದೆ. ಏನೂ ಸಿಗಲಿಲ್ಲ. ನಾಳೆ ಅವರು ಬರಿಗೈಯಲ್ಲಿ ಮರಳಬೇಕು. ಗುಡ್ಡ ಇಳಿದವರೇ ಮೊದಲ ಮನೆಯ ಅಜ್ಜಿಯನ್ನು ಕೇಳಿದರು: "ಈ ಕಡೆ ರಾಗಿ ಸಿಗುತ್ತದಾ ಅಮ್ಮಾ?"

"ರಾಗಿ ಎಲ್ಲೈತ್ರಿ ನಮ್ಮ ಕಡಿ? ಜ್ವಾಳ ಐತಿ. ಕುಂದರ್ರಿ, ರೊಟ್ಟಿ ತಿನ್ರಿ."

ತೆಲುಗಿನಲ್ಲಿ ರಾಗಿ ಎಂದರೆ ತಾಮ್ರ ಎಂದು ನಾನು ಹೇಳುವಷ್ಟರಲ್ಲಿ ತಟ್ಟೆ ಬಂದಿತ್ತು. ರೊಟ್ಟಿ ಮುರಿಯುತ್ತಿದ್ದ ಸಾಹೇಬರ ಕೈ ಥಟ್ಟನೆ ನಿಂತಿತು. ಬಾಗಿಲಿಗೆ ಒತ್ತುಕೊಟ್ಟಿದ್ದ ಕಲ್ಲಿನಲ್ಲಿ ತಾಮ್ರದ ಹಸಿರು ಗೆರೆ! ಸುತ್ತಿಗೆಯಿಂದ ಒಡೆದರು. ಒಳಗೂ ಹಸಿರು.

"ಬಾವಿ ತೋಡಿದಾಗ ಬಂದಿದ್ದು ರೀ ಅದು," ಎಂದಳು ಅಜ್ಜಿ.

"ರಾಗಿ! ರಾಗಿ!" ಸಾಹೇಬರು ಅಂಗಳದಲ್ಲಿ ಕುಣಿದೇಬಿಟ್ಟರು.

ಅಜ್ಜಿ ಚೂರೊಂದನ್ನು ತಿರುಗಿಸಿ ನೋಡಿ ಅವರ ಕೈಗಿಟ್ಟಳು.

"ಇದು ರಾಗಿ ಆದ್ರ, ಬೀಸಿ ಒಂದು ಮುದ್ದಿ ಮಾಡಿ ತೋರಸ್ರಿ!"