ಬದುಕಿದ್ದ ಗಂಡನ ವಿಧವೆ

ಗಿರಿಜಕ್ಕನಿಗೆ ಸಿಟ್ಟು ಬಂದರೆ ಮೊದಲು ಗ್ರೈಂಡರ್ ಬಂದ್ ಆಗುತ್ತಿತ್ತು. ಬೈಗುಳದ ಒಂದಕ್ಷರವೂ ಆ ಸದ್ದಿನಲ್ಲಿ ಕಳೆದುಹೋಗಬಾರದು. ಕಳವಾ ಎಂಬ ಊರಿನ ಒಂದೇ ಕೋಣೆಯ ಮನೆಯಲ್ಲಿ ಇಡ್ಲಿ ಹಿಟ್ಟು ರುಬ್ಬಿ ಪಕ್ಕದ ಠಾಣೆ ಶಹರದ ನಾಲ್ಕು ಹೋಟೆಲುಗಳಿಗೆ ಕೊಡುತ್ತಿದ್ದಳು. ಅದರಲ್ಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತವನು ನಾನು. ಹಿಟ್ಟು ಹುಳಿಯಾಗಿದೆ ಎಂದು ಒಮ್ಮೆ ಮೂಗು ಮುರಿದೆ. "ಹಿಟ್ಟಲ್ಲ ಸುಧಾಕರಣ್ಣ, ನಿಮ್ಮ ಮೋರೆ ಹುಳಿ" ಎಂದಳು. ಗಿರಾಕಿಗಳೆಲ್ಲ ನಕ್ಕರು.

ಮದುವೆಯಾದ ಆರನೇ ವರ್ಷಕ್ಕೆ ಅವಳ ಗಂಡ ಉಲ್ಹಾಸನಗರದಲ್ಲಿ ಇನ್ನೊಂದು ಸಂಸಾರ ಹೂಡಿದ. ಅವಳು ಅಳಲಿಲ್ಲ. "ನಮ್ಮದು ಅಳಿಯಸಂತಾನ, ಮನೆ ತಾಯಿದು. ಅವ ಬಂದು ಹೋದ ನೆಂಟ" ಎನ್ನುತ್ತಿದ್ದಳು. ಅವನು ಸಾಯಲಿ ಎಂದು ಯಾರಾದರೂ ಶಪಿಸಿದರೆ ಮಾತ್ರ ಸಿಡುಕುವಳು: "ಸಾಯುವುದ್ಯಾಕೆ? ಬದುಕಿ ನಾಚಿಕೊಂಡು ತಿರುಗಲಿ."

ನಿವೃತ್ತನಾದ ಮೇಲೆ ನಾನು ಡೊಂಬಿವಲಿಯಲ್ಲಿರುವ ನಮ್ಮ ಊರವರ ಸಂಘದ ಕಾರ್ಯದರ್ಶಿಯಾದೆ. ಬಡವರಿಗೆ ಪುಕ್ಕಟೆ ಆಪರೇಷನ್ ಮಾಡಿಸುವ ಯೋಜನೆಯೊಂದಕ್ಕೆ ಕಂಪ್ಯೂಟರಿನಲ್ಲಿ ಹೆಸರು ನೋಂದಾಯಿಸಬೇಕಿತ್ತು. ಆ ಫಾರ್ಮ್ ಮಾಡಿದವನು ಸಿಕ್ಕರೆ ಇವತ್ತಿಗೂ ಕಪಾಳಕ್ಕೆ ಬಿಡುತ್ತೇನೆ. ಒಂದು ಖಾನೆಯ ಮೇಲೆ 'ಸಂಬಂಧದ ಮುಖ್ಯಸ್ಥ' ಎಂದಿತ್ತು. ಅದು ಯಾರೋ ದೇವರೇ ಬಲ್ಲ. ಹೆಂಗಸರಿಗೆ ಮೂರೇ ಆಯ್ಕೆ: ಅವಿವಾಹಿತೆ, ವಿವಾಹಿತೆ, ವಿಧವೆ. ಗಂಡ ಬಿಟ್ಟುಹೋದವಳಿಗೆ ಜಾಗವೇ ಇಲ್ಲ. ವಿವಾಹಿತೆ ಎಂದು ಒತ್ತಿದರೆ ಗಂಡನ ಆಧಾರ್ ನಂಬರ್ ಕೇಳುತ್ತಿತ್ತು. ಕೊಡದಿದ್ದರೆ 'ಮುಂದೆ' ಎಂಬ ಬಟನ್ ಕೆಲಸ ಮಾಡುತ್ತಿರಲಿಲ್ಲ. ಹಿಂದೆ ಹೋಗಲು, ತಿದ್ದಲು ಬಟನ್ನೇ ಇಟ್ಟಿರಲಿಲ್ಲ.

ಗಿರಿಜಕ್ಕನ ಸರದಿ ಬಂದಾಗ ಹೊರಗೆ ಉದ್ದ ಸಾಲು. ಅವಳನ್ನು ಒಂದು ಮಾತೂ ಕೇಳದೆ 'ವಿಧವೆ' ಒತ್ತಿದೆ. ಫಾರ್ಮ್ ಮುಂದೆ ಹೋಯಿತು. ಇನ್ನೂರು ಜನರ ಹೆಸರು ಸೇರಿಸಿದ್ದಕ್ಕೆ ಸಂಘದವರು ನನಗೆ ಶಾಲು ಹೊದಿಸಿದರು.

ಮರುವರ್ಷ ಅವಳ ಎರಡೂ ಕಣ್ಣುಗಳೊಳಗೆ ಒತ್ತಡ ಏರಿತು. ತಿಂಗಳೊಳಗೆ ಆಪರೇಷನ್ ಆಗದಿದ್ದರೆ ದೃಷ್ಟಿ ಹೋಗುತ್ತದೆ ಎಂದರು ಡಾಕ್ಟರು. ಆಸ್ಪತ್ರೆಯವರು ಯೋಜನೆಯ ದಾಖಲೆ ನೋಡಿ ಗಂಡನ ಮರಣ ಪ್ರಮಾಣಪತ್ರ ತಾ ಎಂದರು. ಅವಳು ನೇರ ಸಂಘಕ್ಕೆ ಬಂದಳು.

"ಬದುಕಿದವನನ್ನು ಕೊಂದದ್ದು ಯಾರು? ನನ್ನಲ್ಲಿ ಒಂದು ಮಾತು ಕೇಳ್ಳಿಕ್ಕೆ ಏನಾಗಿತ್ತು?"

"ಕಂಪ್ಯೂಟರಿನ ತಪ್ಪು ಗಿರಿಜಕ್ಕ, ಸರಿಯಾಗ್ತದೆ" ಎಂದೆ.

ಸುಳ್ಳು. ಠಾಣೆಯಲ್ಲಿರುವ ಯೋಜನೆಯ ಆಫೀಸಿನವರು ದಾರಿ ಹೇಳಿದ್ದರು: ಫಾರ್ಮ್ ತುಂಬಿದವನು ತಪ್ಪು ತನ್ನದೆಂದು ಬರೆದು, ಸಂಘದ ಅಧ್ಯಕ್ಷರ ಸಹಿ ಹಾಕಿಸಿ ತರಬೇಕು. ಶಾಲು ಹೊದಿಸಿದವರ ಮುಂದೆ ಆ ಕಾಗದ ಹಿಡಿಯುವ ಧೈರ್ಯ ನನಗಿರಲಿಲ್ಲ. ನಾಳೆ, ನಾಡಿದ್ದು ಎಂದು ತಳ್ಳಿದೆ. ತಳ್ಳಿದ್ದು ನಾನು, ಇದರಲ್ಲಿ ಯಾವ ಬಟನ್ನಿನ ತಪ್ಪೂ ಇಲ್ಲ.

ಅವಳ ಎರಡೂ ಕಣ್ಣು ಹೋದ ಮೇಲೆ ಕಳವಾಕ್ಕೆ ಹೋದೆ. ಗೋಡೆಗೆ ಒರಗಿ ಕೂತಿದ್ದಳು. ಎಲ್ಲ ಹೇಳಿದೆ.

"ಗೊತ್ತುಂಟು" ಎಂದಳು. "ಕಂಪ್ಯೂಟರಿಗೆ ನನ್ನ ಗಂಡನ ಸುದ್ದಿ ನೀವಲ್ಲದೆ ಮತ್ಯಾರು ಹೇಳ್ತಾರೆ? ಬಂದು ಒಪ್ಪಿಕೊಳ್ತೀರಿ ಅಂತ ಕಾದೆ."

"ಕ್ಷಮಿಸಬೇಕು."

"ಕ್ಷಮೆ ಕಟ್ಟಿಕೊಂಡು ನಾನೇನು ಮಾಡ್ಲಿ? ನನ್ನ ಹಾಗೆ ಇನ್ನೆಷ್ಟು ಜನರಿಗೆ ಒತ್ತಿದ್ದೀರಿ, ಅದನ್ನು ನೋಡಿ."

ಮನೆಗೆ ಬಂದು ಪಟ್ಟಿ ತೆಗೆದೆ. ಹನ್ನೊಂದು ಮಂದಿ ಹೆಂಗಸರು. ಹನ್ನೊಂದು ತಪ್ಪೊಪ್ಪಿಗೆ ಬರೆದು ಅಧ್ಯಕ್ಷರ ಮುಂದಿಟ್ಟೆ. ಎಲ್ಲರೆದುರು ಉಗಿದು ಸಹಿ ಹಾಕಿದರು. ಸುದ್ದಿ ಹೇಳಲು ಹೋದರೆ ಗಿರಿಜಕ್ಕನ ಬಾಗಿಲಿಗೆ ಬೀಗ. ತಂಗಿ ಬಂದು ಕೈಹಿಡಿದು ಊರಿಗೆ ಕರೆದೊಯ್ದಳಂತೆ. ಮೆಟ್ಟಿಲು ಇಳಿಯುವಾಗ ಒಂದೊಂದೇ ಎಣಿಸುತ್ತಿದ್ದಳು ಎಂದರು ಪಕ್ಕದ ಮನೆಯವರು.