ಅನಿಲ ಸೋರಿಕೆಯಲ್ಲಿ ನಮ್ಮಜ್ಜಿ ಸತ್ತದ್ದು

ಶನಿವಾರ ಬೆಳಿಗ್ಗೆ ಏಳೂವರೆಗೆ, ಉಮ್ಮತ್ತೂರಿನ ನಮ್ಮ ಹಿತ್ತಲಲ್ಲಿ ಕಾಗೆಯೊಂದು ಅಜ್ಜಿಯ ತಲೆಗೆ ಬಡಿದು ಹಾರಿತು. ಡೈರಿಯಲ್ಲಿ ಹೀಗೆ ಬರೆದಿದ್ದೇನೆ: ಕಾಗೆ ಒಂದು, ಪೆಟ್ಟು ಒಂದು, ಗಾಯ ಇಲ್ಲ.

ಅಜ್ಜಿಗೆ ಬರುವ ಶುಕ್ರವಾರ ಪಿತ್ತಕೋಶದ ಆಪರೇಷನ್ ಇತ್ತು. ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರ ಎನ್ನುತ್ತಾರೆ. ತಪ್ಪಿಸಿಕೊಳ್ಳಬೇಕೆಂದರೆ ಸತ್ತರೆಂದು ನೆಂಟರಿಗೆ ಸುಳ್ಳುಸುದ್ದಿ ಕಳಿಸಬೇಕು. ಕೇಳಿದವರು ಅತ್ತರೆ ದೋಷ ಕಳೆಯಿತು.

ಅಪ್ಪ ಗುಂಡ್ಲುಪೇಟೆಯ ಅತ್ತೆಗೆ ಫೋನ್ ಮಾಡಿ ಅಳುದನಿ ತೆಗೆಯುವಷ್ಟರಲ್ಲಿ ಅತ್ತೆ ವಿಡಿಯೊ ಕಾಲ್‌ಗೆ ಬಂದುಬಿಟ್ಟರು. ಅಪ್ಪನ ಬೆನ್ನ ಹಿಂದೆಯೇ ಅಜ್ಜಿ ಕೂತಿದ್ದರು.

"ಸತ್ತೋದ ಅವ್ವ ಅವರೆಕಾಯ್ ಸುಲೀತಾ ಕುಂತವ್ಳಲ್ಲಣ್ಣ!" ಎಂದು ಅತ್ತೆ ಬಿದ್ದು ಬಿದ್ದು ನಕ್ಕರು.

ಅಳು: ಸೊನ್ನೆ.

ಆಪರೇಷನ್ನಿಗೆ ಎರಡು ದಿನ ಮೊದಲು, ಬುಧವಾರ, ಚಾಮರಾಜನಗರದ ಹೊರಗಿನ ಕಾರ್ಖಾನೆಯೊಂದರಲ್ಲಿ, ವಿಷಾನಿಲ ಸೋರಿದರೆ ಏನು ಮಾಡಬೇಕೆಂಬ ಅಣಕು ಕಾರ್ಯಾಚರಣೆ. ಸುತ್ತಲಿನ ಊರಿನವರು ಗಾಯಾಳುಗಳಾಗಬೇಕು. ಕಾಲೇಜಿನಿಂದ ಹೋಗುವ ನಾನು ಅವರ ಕೈಗೆ ರಿಬ್ಬನ್ ಕಟ್ಟಿ ಲೆಕ್ಕ ಇಡಬೇಕು. ಹಸಿರು ಸಣ್ಣ ಗಾಯಕ್ಕೆ, ಇಪ್ಪತ್ತು. ಕೆಂಪು ಗಂಭೀರ, ಹತ್ತು. ಕಪ್ಪು ಸತ್ತವರಿಗೆ, ನಾಲ್ಕು. ಈ ದೇಶದಲ್ಲಿ ಇಂಥ ಸೋರಿಕೆಗೆ ಮಲಗಿದಲ್ಲೇ ಸತ್ತವರ ಲೆಕ್ಕ ಇನ್ನೂ ಸರಿಯಾಗಿ ಸಿಕ್ಕಿಲ್ಲ, ಎಣಿಕೆ ತಪ್ಪಬಾರದು ಎಂದು ಅಧಿಕಾರಿ ಎರಡು ಸಲ ಹೇಳಿದ್ದರು. ಇದನ್ನೆಲ್ಲ ಊಟದ ಹೊತ್ತಿನಲ್ಲಿ ಮನೆಯಲ್ಲಿ ಹೇಳಿದ್ದೇ ನನ್ನ ತಪ್ಪು.

"ಸರ್ಕಾರ್ದೋರೇ ಸತ್ತೋದ್ರು ಅಂತ ಬರ್ಕೊತಾರಾ ಅಮ್ಮಿ?" ಎಂದರು ಅಜ್ಜಿ.

"ಹೂಂ."

"ಮೈಕಲ್ಲಿ ಕೂಗ್ತಾರಾ?"

"ಎಷ್ಟು ಜನ ಅಂತ ಕೂಗ್ತಾರೆ."

"ನಾನೂ ಬತ್ತೀನಿ ಕಣಮ್ಮಿ."

ಒಗೆದ ಸೀರೆ ಉಟ್ಟು ನನ್ನ ಜೊತೆ ಮೊದಲ ಬಸ್ಸಿಗೇ ಬಂದರು. ಆದರೆ ಕಪ್ಪು ನಾಲ್ಕೂ ಪಟ್ಟಿಯ ಪ್ರಕಾರ ಬೇರೆಯವರಿಗೆ ಹೋಗಿದ್ದವು. ಅಜ್ಜಿಗೆ ಹಸಿರು ಕಟ್ಟಿದೆ.

"ಬರೀ ತರಚ್ಕಳಾಕೆ ಇಲ್ಗಂಟ ಬಂದ್ನಾ?" ಎಂದು ಮುಖ ತಿರುಗಿಸಿದರು.

ಸೈರನ್ ಕೂಗಿತು. ಹಸಿರಿನವರು ಬೇವಿನ ಮರದಡಿಗೆ ನಡೆದು ಹೋಗಬೇಕಿತ್ತು. ಹತ್ತೊಂಬತ್ತು ಜನ ಹೋದರು. ಇಪ್ಪತ್ತನೆಯವರು ಅರ್ಧ ದಾರಿಯಲ್ಲಿ ಸೆರಗು ಸರಿಮಾಡಿಕೊಂಡು, ನಿಧಾನವಾಗಿ ಕೂತು, ಅಂಗಾತ ಮಲಗಿ ಕಣ್ಣು ಮುಚ್ಚಿದರು.

ಅಧಿಕಾರಿ ಓಡಿಬಂದರು. "ಅಮ್ಮಾ, ನಿಮ್ದು ಸಣ್ಣ ಗಾಯ. ಏಳಿ."

"ಸತ್ತೋಗಿವ್ನಿ ಸ್ವಾಮಿ," ಎಂದಿತು ಹೆಣ.

"ಸಣ್ಣ ಗಾಯಕ್ಕೆ ಯಾರಾದ್ರೂ ಸಾಯ್ತಾರಾ?"

"ಗ್ಯಾಸು ಕಣಪ್ಪ. ನಿಧಾನಕ್ಕೆ ಏರ್ತು."

ಮರದಡಿಯಿಂದ ಗಾಯಾಳು ಮುದುಕರೊಬ್ಬರು ಕೂಗಿದರು: "ಸತ್ತಿರಾದು ದಿಟ ಕಣ್ರಪ್ಪ, ಬರ್ಕೊಬುಡಿ! ಉಪ್ಪಿಟ್ಟು ತಣ್ಗಾಯ್ತದೆ!"

ಅಧಿಕಾರಿ ನನ್ನನ್ನು ನೋಡಿದರು. ನಾನು ಅಜ್ಜಿಯನ್ನು ನೋಡಿದೆ. ಮುಚ್ಚಿದ ರೆಪ್ಪೆ ಅದುರುತ್ತಿತ್ತು, ಆಪರೇಷನ್ ಮಾತು ಬಂದಾಗಲೆಲ್ಲ ಅದುರುವ ಹಾಗೆ. ಹಸಿರು ಇಪ್ಪತ್ತನ್ನು ಹೊಡೆದು ಹತ್ತೊಂಬತ್ತು ಮಾಡಿದೆ. ಕಪ್ಪು ಐದು. ಷರಾ: ದಾರಿಯಲ್ಲಿ ಸಾವು.

ಮೈಕಿನಲ್ಲಿ "ಮೃತರು ಐದು" ಎಂದದ್ದೇ ಅಜ್ಜಿ ಎದ್ದು, ಸೆರಗು ಕೊಡವಿ, ಉಪ್ಪಿಟ್ಟಿನ ಸಾಲಿನಲ್ಲಿ ನಿಂತರು. ಎರಡು ಸಲ ಹಾಕಿಸಿಕೊಂಡರು.

ಶುಕ್ರವಾರ ಆಪರೇಷನ್ ಮುಗಿದು, ಮಧ್ಯಾಹ್ನ ಎರಡಕ್ಕೆ ಅಜ್ಜಿಗೆ ಎಚ್ಚರವಾಯಿತು. ಮೊದಲು ಕೇಳಿದ್ದು ನೀರನ್ನಲ್ಲ. "ಯಾರಾದ್ರೂ ಅತ್ರಾ?"

"ಯಾಕವ್ವ ಅಳ್ಬೇಕು? ಎಲ್ಲಾ ಚೆಂದಾಗಾಯ್ತು ಬುಡು," ಎಂದರು ಅತ್ತೆ.

ನಾನು ಡೈರಿ ತೆಗೆದು ಓದಿ ಹೇಳಿದೆ: "ಹತ್ತೂಕಾಲು, ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಅಳು: ಒಂದು."