ಏಳದ ಅರಿಶಿನ

ಮಿರಜಿನ ಡಾಕ್ಟರಮ್ಮ ಸೂಜಿ ಸರಿಯಾಗಿ ಚುಚ್ಚಲಿಲ್ಲ ಎಂಬ ಸಿಟ್ಟು ದಿನಕರ ಖೋತನಿಗೆ ಇವತ್ತಿಗೂ ಇದೆ. ತಾಸಗಾಂವದ ಅವನ ಗಿರಣಿಗೆ ಹೋದವರು ಆ ದೂರು ಕೇಳಿಯೇ ಹಿಟ್ಟು ಹೊತ್ತು ತರಬೇಕು.

ಅವನಿಗೆ ಪಿತ್ತದ ಗಂಧೆ. ದಿನ ಬಿಟ್ಟು ದಿನ ಮೈಮೇಲೆ ಕೆಂಪು ದದ್ದು ಏಳುತ್ತಿತ್ತು. ಇದಕ್ಕೆಲ್ಲ ಹೆಂಡತಿಯ ತಮ್ಮ ಗೋರಖನೇ ಕಾರಣ ಎಂದು ಊರಿಗೆಲ್ಲ ಸಾರಿದ್ದ. ಗೋರಖ ಸಾಂಗ್ಲಿ ಪೇಟೆಯಲ್ಲಿ ಅರಿಶಿನದ ಕೊಂಬುಗಳನ್ನು ಯಂತ್ರದಲ್ಲಿ ಪಾಲಿಶ್ ಮಾಡುವವನು. ದಿನಕರನ ಒಬ್ಬಳೇ ಮಗಳ ಮದುವೆಗೆ ಅರಿಶಿನ ತಂದವನು ಅವನೇ. ಮದುಮಗಳಿಗೆ ಹಚ್ಚಿ ಉಳಿದದ್ದನ್ನು ಹೆಂಗಸರು ನಗುತ್ತಾ ದಿನಕರನ ಕೆನ್ನೆಗೂ ಕತ್ತಿಗೂ ಬಳಿದರು. ಸಂಜೆಯೊಳಗೆ ಮುಖ ಬಾತು ಕಣ್ಣು ಮುಚ್ಚಿಹೋಯಿತು.

"ಬಣ್ಣ ಕಲಸಿ ತಂದೀಯೇನಲೇ? ಅಕ್ಕನ ಮಗಳ ಮೈಗೂ ಕಲಬೆರಕಿ?" ಎಂದು ಚಪ್ಪರದಲ್ಲೇ ಕೂಗಾಡಿ ಅವನನ್ನು ಹೊರದಬ್ಬಿದ. ಮರುದಿನ ಅಂತರಪಟ ಹಿಡಿದಾಗ ಮದುಮಗಳ ಬೆನ್ನಿಗೆ ನಿಲ್ಲಬೇಕಾದ ಸೋದರಮಾವನ ಜಾಗದಲ್ಲಿ ನಂಟಲ್ಲದ ಸೈಕಲ್ ಅಂಗಡಿಯವನೊಬ್ಬ ನಿಂತ. ಅಂದಿನಿಂದ ಹೆಂಡತಿ ಹೌಸಾಳಿಗೆ ತವರಿಲ್ಲ.

ವರ್ಷಗಳು ಕಳೆದು ಗಂಧೆ ತುಟಿಗೂ ಏರಿದಾಗ ದಿನಕರ ಹೌಸಾಳೊಂದಿಗೆ ಮಿರಜಿಗೆ ಹೊರಟ. ತಾನು ಹೇಳಿದ್ದೇ ನಿಜ ಎಂದು ಡಾಕ್ಟರ ಬಾಯಿಂದಲೇ ಬರಲಿ ಎಂದು, ಸಾಕ್ಷಿಗೆ ಇಟ್ಟಿದ್ದ ಮದುವೆಯ ಅರಿಶಿನವನ್ನೂ ಒಯ್ದ. ಪರೀಕ್ಷೆಗೆಂದು ಆಸ್ಪತ್ರೆಯವರು ಹೇಳಿದಂತೆ ಮೊದಲೇ ತುರಿಕೆಯ ಮಾತ್ರೆ ನಿಲ್ಲಿಸಿ, ಕೆರೆದು ಕೆರೆದು ಮೈ ಹುಣ್ಣಾಗಿತ್ತು.

ತೋಳಿನುದ್ದಕ್ಕೂ ಪೆನ್ನಿನ ಗುರುತು ಹಾಕಿ, ಒಂದೊಂದರ ಬಳಿ ಒಂದೊಂದು ಹನಿ ಇಟ್ಟು ಚುಚ್ಚಿದರು: ಧೂಳಿನದು, ಸಿಗಡಿಯದು, ಶೇಂಗಾದ್ದು, ಅವನದೇ ಅರಿಶಿನದ್ದು. ಕೊನೆಯದು ಮಾತ್ರ ಎಂಥವರಿಗೂ ಏಳಲೇಬೇಕಾದ ಹನಿ. ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ನೋಡಲು.

ಕಾಲು ಗಂಟೆಯ ಮೇಲೆ ಆ ಕೊನೆಯದೊಂದೇ ಸೊಳ್ಳೆ ಕಚ್ಚಿದಂತೆ ಉಬ್ಬಿತ್ತು. ಅರಿಶಿನದ ಜಾಗ ಸಪಾಟು.

"ಇನ್ನೊಮ್ಮೆ ಚುಚ್ಚವ್ವ. ಜೋರಾಗಿ ಚುಚ್ಚು."

"ಜೋರು ಚುಚ್ಚಿದ್ರ ರಕ್ತ ಬರತೈತಿ ಕಾಕಾ, ಗಂಧಿ ಬರಂಗಿಲ್ಲ," ಎಂದಳು ಡಾಕ್ಟರಮ್ಮ. "ಇದು ಹೊರಗಿಂದ ಬಂದದ್ದಲ್ಲ. ನಿಮ್ಮ ಮೈ ತಾನ ಎಬ್ಬಸ್ತೈತಿ. ಅರಿಶಿನ ಹಚ್ಚೋ ಮೊದಲ ತುರಿಕಿ ಇತ್ತೇನು?"

"ಇಲ್ಲ," ಎಂದ ದಿನಕರ.

"ಇತ್ತು," ಎಂದಳು ಗೋಡೆಗೆ ಒರಗಿದ್ದ ಹೌಸಾ. "ಆಮಂತ್ರಣ ಹಂಚಾಕ ಹೊಂಟಾಗಿಂದ ಕೆರಕೋತಿದ್ರಿ. ಓಡಾಟದ ಕಾವು ಅಂತ ನೀವ ಅಂದಿದ್ರಿ."

"ಅವತ್ತ ಯಾಕ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ದೆ. ನೀವು ಒದರೂ ಮುಂದ ಯಾರಿಗೆ ಕೇಳಸ್ತೈತಿ? ಗಿರಣಿ ಚಾಲೂ ಇದ್ದಂಗಿತ್ತು."

ಡಾಕ್ಟರಮ್ಮ ತೋಳು ಒರೆಸಿಕೊಳ್ಳಿ ಎಂದದ್ದೂ ದಿನಕರನ ಕಿವಿಗೆ ಬೀಳಲಿಲ್ಲ. ಏನೂ ಏಳದ ಆ ಚರ್ಮವನ್ನೇ ನೋಡುತ್ತಾ ಕೂತಿದ್ದ. ಹೌಸಾಳೇ ಅಂಗಿಯ ತೋಳು ಇಳಿಸಿ ಗುಂಡಿ ಹಾಕಿದಳು.

ಮರುವಾರ ಸಾಂಗ್ಲಿಗೆ ಹೋದ. ಗೋರಖ ಯಂತ್ರ ನಿಲ್ಲಿಸಿ, ಹಳದಿ ಧೂಳಿನ ಮೈಯಲ್ಲೇ ಬಂದು ಚಹಾ ತರಿಸಿದ.

"ನಂದು ತಪ್ಪಾತೋ," ಎಂದ ದಿನಕರ.

"ಇರ್ಲಿ ಬಿಡ್ರಿ ದಾಜಿ. ಚಾ ಆರತೈತಿ," ಎಂದ ಗೋರಖ, ಭಾವನನ್ನು ಹಳೆಯ ರೂಢಿಯಲ್ಲೇ ಕರೆದು.

"ಏನ ಕೊಡಲಿ, ಹೇಳು."

ಗೋರಖ ಕೈಯಲ್ಲಿದ್ದ ಲೋಟ ಕೆಳಗಿಟ್ಟ. ಆಮೇಲೆ, "ಪೋರಿ ಬೆನ್ನಿಗೆ ನಿಲ್ಲೋ ಜಾಗ ತಿರುಗಿ ಕೊಡಾಕ ಆಗತೈತೇನ್ರಿ?" ಎಂದ.

ದಿನಕರನಿಗೆ ಇನ್ನೊಬ್ಬ ಮಗಳಿಲ್ಲ. ಚಹಾ ಕುಡಿದು ಎದ್ದುಬಂದ. ಆ ಬಾಕಿ ಹಾಗೆಯೇ ಉಳಿಯಿತು; ಅದನ್ನು ನೆನೆಯುವುದಕ್ಕಿಂತ ಗಿರಣಿಯಲ್ಲಿ ಕೂತು ಸೂಜಿಯನ್ನು ದೂರುವುದೇ ಅವನಿಗೆ ಹಗುರವಾಯಿತು.